ಪೈಪು, ಡ್ರಿಪ್ಪು, ಮಡಕೆ: ನಡು ಬೇಸಿಗೆಯಲ್ಲಿ ನಮ್ಮ ಹಿತ್ತಲ ಲೆಕ್ಕ

ಭರಣಿ ಮಳೆ ಈ ಸಲ ಎರಡು ಸಂಜೆ ಗುಡುಗಿ, ನಾಲ್ಕು ಹನಿ ಉದುರಿಸಿ ಹೋಯಿತು. ಮೇ ಅರ್ಧ ಕಳೆದಿದೆ. ಕೋಲಾರದ ನಮ್ಮ ಹಿತ್ತಲಲ್ಲಿ ಸಂಜೆ ಏಳಕ್ಕೆ ನಿಂತರೂ ಕಾಂಪೌಂಡ್ ಗೋಡೆಯ ಕಾವು ಮುಖಕ್ಕೆ ಹೊಡೆಯುತ್ತದೆ.

ನಮ್ಮಲ್ಲಿ ಬಿಸಿಲಿಗೆ ಕೊರತೆಯಿಲ್ಲ, ಕೆಂಪು ಮಣ್ಣಿಗೂ ಇಲ್ಲ. ನೀರಿನದ್ದೇ ಪಂಚಾಯಿತಿ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರಿಂದ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ ನಿಜ. ಆದರೆ ಕೆರೆ ತುಂಬಿದ ಮಾತ್ರಕ್ಕೆ ನಮ್ಮ ಬೀದಿಯ ನಲ್ಲಿ ತುಂಬಿ ಹರಿಯುವುದಿಲ್ಲವಲ್ಲ. ವಾರಕ್ಕೊಂದು ಸಲ ನಲ್ಲಿ, ಮಿಕ್ಕಿದ್ದಕ್ಕೆ ಟ್ಯಾಂಕರ್. "ಎಪಿಎಂಸಿಗೆ ಹೋಗಿ ಹದಿನೈದು ಕೆಜಿ ಬಾಕ್ಸ್ ಒಂದು ತಂದಿದ್ರೆ ಮುಗೀತಿತ್ತು" ಅಂತ ಮನೆಯವರು ದಿನಕ್ಕೊಂದು ಸಲ ಚುಚ್ಚುತ್ತಾರೆ. ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದನ್ನು ಊರಲ್ಲೇ ಇಟ್ಟುಕೊಂಡು ಟ್ಯಾಂಕರ್ ನೀರಲ್ಲಿ ಟೊಮೆಟೊ ಬೆಳೆಯುವವಳಿಗೆ ಅಷ್ಟು ಅನ್ನಿಸಿಕೊಳ್ಳಬೇಕಾದ್ದೇ.

ಅದಕ್ಕೇ ಈ ವರ್ಷ ಹಟ ಹಿಡಿದು ಲೆಕ್ಕ ಇಟ್ಟೆ. ಶಿವರಾತ್ರಿ ಕಳೆದ ವಾರ ಮೂರು ಪಾತಿ ಮಾಡಿ, ಪಾತಿಗೆ ಎಂಟರಂತೆ ಅರ್ಕಾ ರಕ್ಷಕ್ ಟೊಮೆಟೊ ಸಸಿ ನೆಟ್ಟೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿ, ಎಲೆ ಮುದುಡು ರೋಗ ತಡೆಯುತ್ತದೆ. ಗೊಬ್ಬರ ಒಂದೇ, ಮಣ್ಣಿನ ಮೇಲೆ ಹಾಸುವ ಹೊದಿಕೆ ಒಂದೇ. ಬೇರೆ ಇದ್ದದ್ದು ನೀರು ಕೊಡುವ ರೀತಿ ಮಾತ್ರ.

ಮೊದಲ ಪಾತಿಗೆ ಪೈಪು. ನಮ್ಮ ಪೈಪಿನಲ್ಲಿ ಹದಿನೈದು ಲೀಟರಿನ ಬಕೆಟ್ ತುಂಬುವುದಕ್ಕೆ ಒಂದು ನಿಮಿಷ ಬೇಕು. ಪಾತಿ ನೆನೆಯಲು ನಾಲ್ಕು ನಿಮಿಷ. ಅಂದರೆ ಎಂಟು ಗಿಡಕ್ಕೆ ದಿನಕ್ಕೆ 60 ಲೀಟರ್. ಹಿಡಿದು ನಿಂತರೆ ಮನಸ್ಸಿಗೆ ತಂಪು, ಅದೊಂದು ಸುಖ. ಮಾರನೇ ದಿನ ಮಧ್ಯಾಹ್ನ ನೋಡಿದರೆ ಮೇಲಿನ ಮಣ್ಣು ಹಪ್ಪಳ. ಟ್ಯಾಂಕರ್ ತಡವಾದಾಗ ಎರಡು ದಿನ ಒಣಗಿಸಿ, ಮೂರನೇ ದಿನ ದುಪ್ಪಟ್ಟು ಸುರಿದದ್ದೂ ಉಂಟು. ಅದರ ಫಲ ಏಪ್ರಿಲ್ ಕೊನೆಗೆ ಸಿಕ್ಕಿತು: ನಿಂಬೆ ಗಾತ್ರದ ಕಾಯಿಗಳ ಅಡಿಯಲ್ಲಿ ಕಪ್ಪು ಮಚ್ಚೆ, ಒತ್ತಿದರೆ ತೊಗಲಿನ ಹಾಗೆ. ರೋಗ ಅಂದುಕೊಂಡು ಔಷಧಿಗೆ ಓಡಬೇಡಿ. ನೀರು ಏರುಪೇರಾದಾಗ ಕಾಯಿಯ ತುದಿಗೆ ಕ್ಯಾಲ್ಸಿಯಂ ತಲುಪುವುದಿಲ್ಲ, ಅದಕ್ಕೆ ಹೀಗಾಗುತ್ತದೆ. ಆ ಪಾತಿಯಲ್ಲಿ ಇಪ್ಪತ್ತು ಕಾಯಿಗೂ ಮೇಲೆ ಗೊಬ್ಬರದ ಗುಂಡಿಗೆ ಹೋದವು.

ಎರಡನೆಯದು ಡ್ರಿಪ್, ಅಂದರೆ ಗಿಡದ ಬುಡಕ್ಕೆ ಹನಿ ಹನಿಯಾಗಿ ನೀರು ಬಿಡುವುದು. ಪೇಟೆಯ ಅಂಗಡಿಯೊಂದರಲ್ಲಿ "ಮನೆ ತೋಟದ ಕಿಟ್" ಅಂತ ಕೊಟ್ಟರು. ಜಾಯಿಂಟ್ ಪೈಪಿಗೆ ಕೂರಲಿಲ್ಲ, ಎರಡು ಸಲ ಬದಲಾಯಿಸಿಕೊಂಡು ಬಂದೆ. ಡ್ರಿಪ್ಪರ್ ಮೇಲೆ ಗಂಟೆಗೆ 4 ಲೀಟರ್ ಅಂತ ಬರೆದಿತ್ತು. ತಾರಸಿಯ ಟ್ಯಾಂಕಿನ ಒತ್ತಡಕ್ಕೆ ಅಷ್ಟು ಎಲ್ಲಿ ಬರಬೇಕು? ಕೆಳಗೆ ಚೊಂಬು ಇಟ್ಟು ಕಾಲು ಗಂಟೆ ಕಾದರೆ ಮುಕ್ಕಾಲು ಲೀಟರ್, ಅಂದರೆ ಗಂಟೆಗೆ ಮೂರು. ಸರಿ, ದಿನಕ್ಕೊಂದು ಗಂಟೆ ಬಿಟ್ಟೆ. ಎಂಟು ಗಿಡಕ್ಕೆ 24 ಲೀಟರ್. ಪೈಪಿಗೆ ಹೋಲಿಸಿದರೆ ಅರ್ಧಕ್ಕಿಂತ ಕಡಿಮೆ, ಗಿಡಗಳು ಮಾತ್ರ ಮೂರರಲ್ಲೂ ಇವೇ ದಷ್ಟಪುಷ್ಟ.

ತಕರಾರು ಶುರುವಾದದ್ದು ಐದನೇ ವಾರ. ಮೂರು ಗಿಡ ಸಂಜೆ ಹೊತ್ತಿಗೂ ತಲೆ ಎತ್ತಲಿಲ್ಲ. ಡ್ರಿಪ್ಪರ್ ಕಿತ್ತು ನೋಡಿದರೆ ಬಾಯಿಯಲ್ಲಿ ಬಿಳಿ ಉಪ್ಪು ಕಟ್ಟಿದೆ, ಹಳೇ ಬಾಯ್ಲರ್ ತಳದಲ್ಲಿರುತ್ತದಲ್ಲ, ಅದೇ. ಟ್ಯಾಂಕರಿನದು ಬೋರ್‌ವೆಲ್ಲಿನ ಗಡಸು ನೀರು, ಫಿಲ್ಟರ್ ಕಸ ತಡೆಯುತ್ತದೆ, ನೀರಲ್ಲಿ ಕರಗಿದ ಸುಣ್ಣವನ್ನಲ್ಲ. ನಿಂಬೆರಸ ಹಿಂಡಿದ ನೀರಲ್ಲಿ ರಾತ್ರಿಯೆಲ್ಲ ನೆನೆಸಿಟ್ಟೆ, ಬಿಟ್ಟುಕೊಂಡಿತು. ಈಗ ಹದಿನೈದು ದಿನಕ್ಕೊಮ್ಮೆ ಅದೊಂದು ಕೆಲಸ. ಸಾಲದ್ದಕ್ಕೆ ಅಳಿಲು ಬಾಯಾರಿಕೆಗೆ ಪೈಪನ್ನೇ ಕಡಿದು ತೂತು ಮಾಡಿತು. ಅದಕ್ಕೊಂದು ತೆಂಗಿನ ಚಿಪ್ಪಲ್ಲಿ ನೀರಿಟ್ಟ ಮೇಲೆ ಆ ಕಾಟ ನಿಂತಿದೆ.

ಇನ್ನು ಮಡಕೆ. ಈ ಮಾತು ಎತ್ತಿದ್ದು ನಮ್ಮತ್ತೆ. ಏಳು ಲೀಟರ್ ಹಿಡಿಯುವ, ಕತ್ತು ಸಣ್ಣದಿರುವ ಮಣ್ಣಿನ ಮಡಕೆಯನ್ನು ಎರಡು ಗಿಡದ ನಡುವೆ ಕತ್ತಿನವರೆಗೂ ಹೂತು, ನೀರು ತುಂಬಿ, ಬಾಯಿಗೆ ಮುಚ್ಚಳ ಇಡುವುದು. ಅಷ್ಟೇ. ತಳಕ್ಕೆ ತೂತು ಕೊರೆಯಬಾರದು. ಸುತ್ತಲ ಮಣ್ಣು ಒಣಗಿದಷ್ಟೂ ಮಡಕೆಯ ಮೈಯಿಂದ ನೀರು ಎಳೆದುಕೊಳ್ಳುತ್ತದೆ, ತೇವ ಇದ್ದರೆ ಸುಮ್ಮನಿರುತ್ತದೆ.

ದುಡ್ಡು ಉಳಿಸಲು ಹೋಗಿ ಮೊದಲಿಗೆ ಅಡುಗೆಮನೆ ಮೂಲೆಯಲ್ಲಿದ್ದ ಹಳೇ ನೀರಿನ ಮಡಕೆಯನ್ನೇ ಹೂತೆ. ಐದು ದಿನ ಬಿಟ್ಟು ಮುಚ್ಚಳ ತೆಗೆದರೆ ತುಂಬಿದ ನೀರು ತುಂಬಿದ ಹಾಗೇ ಇದೆ, ಮುಚ್ಚಳದ ಸಂದಿಯಿಂದ ನುಗ್ಗಿದ ಸೊಳ್ಳೆಯ ಮರಿಗಳು ಕುಣಿಯುತ್ತಿವೆ. ಅತ್ತೆ ಬಗ್ಗಿ ನೋಡಿ, "ವರ್ಷಗಟ್ಟಲೆ ನೀರು ಕುಡಿದ ಮಡಕೆ ಇನ್ನೇನು ಬೆವರುತ್ತೆ, ನೋಡಮ್ಮ" ಅಂದರು. ಉಪ್ಪು ಕಟ್ಟಿ ಅದರ ಸೂಕ್ಷ್ಮ ರಂಧ್ರಗಳೆಲ್ಲ ಮುಚ್ಚಿಹೋಗಿದ್ದವು. ಆಮೇಲೆ 120 ರೂಪಾಯಿಗೊಂದರಂತೆ ಹೊಸ ನಾಲ್ಕು ತಂದೆ, ಬಣ್ಣ ಬಳಿಯದವು. ತರುವ ಮುಂಚೆ ನೀರು ತುಂಬಿ ಅರ್ಧ ಗಂಟೆ ಇಟ್ಟು, ಹೊರಮೈ ತೇವವಾಗುತ್ತದೋ ಇಲ್ಲವೋ ನೋಡಿಕೊಂಡೆ. ಕುಂಬಾರರು ನನ್ನನ್ನು ವಿಚಿತ್ರವಾಗಿ ನೋಡಿದರು, ಪರವಾಗಿಲ್ಲ.

ಎರಡು ದಿನಕ್ಕೊಮ್ಮೆ ನಾಲ್ಕು ಮಡಕೆ ತುಂಬಿದರೆ 28 ಲೀಟರ್, ದಿನಕ್ಕೆ 14. ಮೇಲಿನ ಮಣ್ಣು ಒಣಗಿದ್ದರಿಂದ ಕಳೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅಡಿ ಕೊಳೆತ ಕಾಯಿ ಎರಡೇ. ಹಣ್ಣು ಡ್ರಿಪ್ಪಿನದಕ್ಕಿಂತ ಸಣ್ಣ, ಆದರೆ ತಿಳಿಸಾರಿಗೆ ಹಿಂಡಿದರೆ ಹುಳಿ ಜಾಸ್ತಿ. ಇವತ್ತಿನವರೆಗೆ ತೂಕ: ಪೈಪು 9 ಕೆಜಿ, ಡ್ರಿಪ್ 14, ಮಡಕೆ 11. ನೀರಿಗೆ ಹೋಲಿಸಿ ನೋಡಿದರೆ ಮಡಕೆಯದ್ದೇ ಮೇಲುಗೈ.

ಆದರೆ ಹೂ ಉದುರುವುದರಲ್ಲಿ ಮೂವರೂ ಸಮ. ಮಧ್ಯಾಹ್ನ 35 ಡಿಗ್ರಿ ದಾಟಿತೆಂದರೆ ಟೊಮೆಟೊ ಪರಾಗ ಸತ್ವ ಕಳೆದುಕೊಳ್ಳುತ್ತದೆ, ನೀರು ಎಷ್ಟು ಕೊಟ್ಟರೂ ಕಾಯಿ ಕಚ್ಚುವುದಿಲ್ಲ. ಹಳೇ ವಾಯಿಲ್ ಸೀರೆ ಅಡ್ಡ ಕಟ್ಟಿದ್ದರಿಂದ ಒಂಚೂರು ಗುಣ ಕಂಡಿತು.

ಹೊದಿಕೆ ವಿಷಯ ಬೇಗ ಹೇಳಿಬಿಡುತ್ತೇನೆ. ರಾಗಿ ಹುಲ್ಲು ಹಾಸೋಣವೆಂದರೆ ಅತ್ತೆ, "ಹಸುವಿನ ಬಾಯಿಂದ ಕಿತ್ತು ಗಿಡದ ಕೆಳಗೆ ಹಾಕ್ತೀಯೇನಮ್ಮ?" ಅಂತ ತಡೆದರು. ಹೊಂಗೆ ತರಗು ಹಾಕಿದೆ, ಕಾಸಿಲ್ಲದ್ದು, ಒಳ್ಳೆಯದೂ ಹೌದು.

ಸೊಪ್ಪಿಗೆ ಮಾತ್ರ ಮಡಕೆ ಬೇಡ. ದಂಟು, ಮೆಂತ್ಯದ ಬೇರು ಮೇಲೇ ಹರಡಿರುತ್ತವೆ, ಕೆಳಗಿನ ತೇವ ಅವಕ್ಕೆ ಸಿಗುವುದಿಲ್ಲ. ಮಸ್ಸೊಪ್ಪು ಬೇಕೆಂದರೆ ಬೆಳಗ್ಗೆ ಹೂಕುಂಡದ ಕ್ಯಾನಿನಲ್ಲಿ ಚಿಮುಕಿಸಲೇಬೇಕು. ಪರಂಗಿಗೆ ಡ್ರಿಪ್ಪೇ ಸರಿ, ಅದೂ ಕಾಂಡದಿಂದ ಒಂದಡಿ ದೂರ, ಬುಡದಲ್ಲಿ ನೀರು ನಿಂತರೆ ಕೊಳೆಯುತ್ತದೆ. ಎರಡು ವರ್ಷದ ನಿಂಬೆ, ಸೀಬೆ ಗಿಡಗಳಿಗೆ ಒಂದೊಂದು ಮಡಕೆ ಹೂತಿದ್ದೇನೆ. ಊರಿಗೆ ಹೋಗಿ ನಾಲ್ಕು ದಿನ ಬಿಟ್ಟು ಬಂದಾಗಲೂ ನಿಂಬೆ ಹಸಿರಾಗೇ ಇತ್ತು.

ಮೊನ್ನೆ ಮಡಕೆ ಪಾತಿಯ ಒಂದು ಗಿಡ ಒಣಗಿತೆಂದು ಕಿತ್ತೆ. ಬೇರು ಸುಲಭಕ್ಕೆ ಬರಲಿಲ್ಲ. ಕೈಯಲ್ಲಿ ಮಣ್ಣು ಸರಿಸಿದರೆ, ಮಡಕೆಯ ಹೊಟ್ಟೆಗೆ ಬಿಳಿ ಬೇರುಗಳು ಬಲೆ ನೇಯ್ದ ಹಾಗೆ ಅಂಟಿಕೊಂಡಿದ್ದವು. ಅತ್ತೆಯನ್ನು ಕೂಗಿ ತೋರಿಸಿದೆ. ಅವರು ಬೆರಳಲ್ಲಿ ಮುಟ್ಟಿ ನೋಡಿ, ಪೈಪಿನ ಪಾತಿಗೂ ನಾಲ್ಕು ಮಡಕೆ ತರಿಸು ಅಂದರು. ನಾಳೆ ನಲ್ಲಿ ಬರುವ ದಿನ, ಅದಕ್ಕೆ ಮುಂಚೆ ಗುಂಡಿ ತೋಡಬೇಕು.