ರಿಜೆಯ ದಾರಿ, ರಿಜೆಯ ಚಹಾ
ಟರ್ಕಿಯ ರಿಜೆಗೆ ಟ್ರಾಬ್ಜಾನ್‌ನಿಂದ ಮಿನಿಬಸ್ಸಿನಲ್ಲಿ ಹೋದೆ. ಸುಮಾರು 75 ಕಿ.ಮೀ. ಸೀಟು ತುಂಬುವ ತನಕ ಬಸ್ಸು ಕದಲಲಿಲ್ಲ, ಅದೊಂದೇ ಬೇಸರ. ಎಡಗಡೆಯ ಕಿಟಕಿಯನ್ನೇ ಹಿಡಿಯಿರಿ, ಕಪ್ಪು ಸಮುದ್ರ ದಾರಿಯುದ್ದಕ್ಕೂ ಜೊತೆಗಿರುತ್ತದೆ. ವಿಮಾನದಲ್ಲಿ ಬರುವವರಿಗೆ, ಕಡಲನ್ನು ತುಂಬಿಸಿ ಕಟ್ಟಿದ ರಿಜೆ-ಆರ್ಟ್ವಿನ್ ನಿಲ್ದಾಣ 2022ರಿಂದ ಇದೆ.

ಗುಡ್ಡದ ಮೇಲಿನ ಚಹಾ ಅಂಗಡಿಗೆ ನನ್ನ ಪೂರ್ಣ ಅಂಕ. ಎರಡಂತಸ್ತಿನ ಕೆಟಲ್: ಮೇಲಿನದರಲ್ಲಿ ಗಟ್ಟಿ ಡಿಕಾಕ್ಷನ್, ಕೆಳಗೆ ಕುದಿಯುವ ನೀರು. ನಡು ಸಣ್ಣಗಿರುವ ಪುಟ್ಟ ಗಾಜಿನ ಲೋಟಕ್ಕೆ ಎರಡನ್ನೂ ಹದವಾಗಿ ಬೆರೆಸಿ ಕೊಡುತ್ತಾರೆ. ಹಾಲಿಲ್ಲ, ಸಕ್ಕರೆಯ ಬಿಲ್ಲೆ ಪಕ್ಕದಲ್ಲಿ. ಹಾಲಿಲ್ಲದ ಚಹಾ ಎಂದರೆ ಮುಖ ತಿರುಗಿಸುತ್ತಿದ್ದ ನಾನು ಮೂರು ಲೋಟ ಕುಡಿದೆ! ಎದುರಿನ ಇಳಿಜಾರಿನಲ್ಲಿ ಹೆಂಗಸರು ಚೀಲ ಕಟ್ಟಿದ ಕತ್ತರಿಯಿಂದ ಚಿಗುರು ಸವರುತ್ತಿದ್ದರು. ಮಳೆಯಂಗಿ ಮರೆಯಬೇಡಿ.