ಗ್ಯಾಲಗಾ: ಎರಡೇ ಗುಂಡಿನ ಆಟ

ಗ್ಯಾಲಗಾ ಎಂಬ ಹಳೆಯ ವಿಡಿಯೋ ಗೇಮ್‌ನಲ್ಲಿ ನಿಮ್ಮ ನೌಕೆ ಹಾರಿಸಿದ ಗುಂಡುಗಳು ಪರದೆಯ ಮೇಲೆ ಒಮ್ಮೆಗೆ ಎರಡೇ ಇರಬಹುದು. ಮೂರನೆಯದು ಹೊರಡಬೇಕಾದರೆ ಮೊದಲಿನ ಎರಡರಲ್ಲಿ ಒಂದು ಶತ್ರುವಿಗೆ ತಗುಲಬೇಕು, ಇಲ್ಲವೇ ಪರದೆಯ ತುದಿ ದಾಟಬೇಕು. ಇಷ್ಟು ವರ್ಷ ಆಡಿದರೂ ನನ್ನನ್ನು ಈ ಆಟಕ್ಕೆ ಕಟ್ಟಿಹಾಕಿರುವುದು ಈ ನಿಯಮವೇ. ಹತ್ತಿರ ಬಂದ ಶತ್ರುವಿಗೆ ಸರಿಯಾಗಿ ಹೊಡೆದರೆ ಮುಂದಿನ ಗುಂಡು ಆ ಕ್ಷಣವೇ ಸಿದ್ಧ. ಗುರಿ ತಪ್ಪಿದರೆ ಕಾಯಬೇಕು, ಕಾಯುವಷ್ಟರಲ್ಲಿ ಸಾಯಬಹುದು. ಬಟನ್ ಸುಮ್ಮನೆ ಬಡಿದು ಗೆಲ್ಲುವ ಆಟ ಇದಲ್ಲ. ಆಟ ಮುಗಿದ ಮೇಲೆ ಎಷ್ಟು ಹಾರಿಸಿದಿರಿ, ಎಷ್ಟು ತಗುಲಿತು, ಶೇಕಡಾ ಎಷ್ಟು ಎಂದು ತೋರಿಸುತ್ತದೆ. ನಾನು ಸ್ಕೋರ್‌ಗಿಂತ ಮೊದಲು ನೋಡುವುದು ಆ ಶೇಕಡಾವನ್ನೇ.

ಜಪಾನಿನ ನಾಮ್ಕೊ ಕಂಪನಿ 1981ರಲ್ಲಿ ಹೊರತಂದ ಆಟ ಇದು, ವಿನ್ಯಾಸ ಶಿಗೆರು ಯೊಕೊಯಾಮಾ ಅವರದು. 1978ರ ಸ್ಪೇಸ್ ಇನ್ವೇಡರ್ಸ್‌ನಲ್ಲಿ ಶತ್ರುಗಳು ಸಾಲುಗಟ್ಟಿ ಹೆಜ್ಜೆ ಹೆಜ್ಜೆಯಾಗಿ ಇಳಿಯುತ್ತಿದ್ದವು. 1979ರಲ್ಲಿ ನಾಮ್ಕೊದ ಗ್ಯಾಲಾಕ್ಸಿಯನ್ ಬಂದಾಗ ಅವು ಸಾಲು ಬಿಟ್ಟು ಮೇಲೆರಗಲು ಕಲಿತವು. ಆ ಎರಡರಲ್ಲೂ ನಮ್ಮ ಪಾಲಿಗೆ ಒಮ್ಮೆಗೆ ಒಂದೇ ಗುಂಡು. ಗ್ಯಾಲಗಾ ಅದನ್ನು ಎರಡು ಮಾಡಿತು. ನಾಲ್ಕು ಬೇಕೆನ್ನುವವರಿಗೆ ಒಂದು ಜೂಜನ್ನೂ ಇಟ್ಟಿತು.

ಆ ಜೂಜೇ ಈ ಆಟದ ಜೀವ. ಮೇಲಿನ ಸಾಲಿನ ಬಾಸ್, ಅಂದರೆ ಶತ್ರುಗಳ ನಾಯಕ, ಆಗಾಗ ಕೆಳಗಿಳಿದು, ನಿಂತು, ಕಿರಣ ಹರಡುತ್ತದೆ. ಅದರೊಳಗೆ ಸಿಕ್ಕಿದರೆ ನಿಮ್ಮ ನೌಕೆ ಕೆಂಪಾಗಿ ಶತ್ರುವಿನ ಜೊತೆ ಮೇಲಕ್ಕೆ ಹೋಗುತ್ತದೆ, ಒಂದು ಲೈಫ್ ಕಡಿಮೆಯಾಗುತ್ತದೆ. ಮುಂದೆ ಅದೇ ಬಾಸ್ ಸೆರೆಯಾಳನ್ನು ಕರೆದುಕೊಂಡು ದಾಳಿಗೆ ಇಳಿದಾಗ ಬಾಸನ್ನು ಮಾತ್ರ ಹೊಡೆದರೆ ನೌಕೆ ಮರಳಿ ಬಂದು ನಿಮ್ಮ ಪಕ್ಕಕ್ಕೆ ಸೇರಿಕೊಳ್ಳುತ್ತದೆ. ಬಾಸ್‌ಗೆ ಎರಡು ಏಟು ಬೇಕು, ಮೊದಲ ಏಟಿಗೆ ಹಸಿರು ಬಣ್ಣ ನೀಲಿಯಾಗುತ್ತದೆ. ಆತುರಪಟ್ಟು ಸೆರೆಯಾಳಿಗೇ ಗುಂಡು ತಗುಲಿಸಿದರೆ ಅದು ಹೋದ ಹಾಗೆಯೇ. ಕೊನೆಯ ಲೈಫ್‌ನಲ್ಲಿ ಸಿಕ್ಕಿಬಿದ್ದರಂತೂ ಆಟವೇ ಮುಗಿಯಿತು.

ಜೋಡಿ ನೌಕೆ ಸಿಕ್ಕಿತೆಂದು ಹಿಗ್ಗುವ ಹಾಗೂ ಇಲ್ಲ. ಗುಂಡು ಇಮ್ಮಡಿಯಾದಂತೆ ನಿಮ್ಮ ಅಗಲವೂ ಇಮ್ಮಡಿಯಾಗಿರುತ್ತದೆ. ಮೊದಲು ನುಸುಳಿ ಹೋಗುತ್ತಿದ್ದ ಸಂದಿಗಳು ಈಗ ಸಾಲುವುದಿಲ್ಲ. ಶಕ್ತಿ ಕೊಟ್ಟ ಕೈಯಲ್ಲೇ ಅದರ ಬೆಲೆಯನ್ನೂ ವಸೂಲಿ ಮಾಡುವ ಇಂಥ ಲೆಕ್ಕಾಚಾರ ನನಗೆ ಇಂದಿನ ಎಷ್ಟೋ ದೊಡ್ಡ ಆಟಗಳಲ್ಲಿ ಸಿಕ್ಕಿಲ್ಲ. ಆದರೂ ನಾನು ಮೊದಲ ಎರಡು ಹಂತಗಳಲ್ಲೇ ಒಂದು ನೌಕೆ ಒಪ್ಪಿಸಿಬಿಡುತ್ತೇನೆ. ಮೂರನೆಯದು ಬೋನಸ್ ಹಂತ: ಗುಂಡು ಹಾರಿಸದ 40 ಶತ್ರುಗಳು ಸುಳಿಸುಳಿಯಾಗಿ ಹಾರಿ ಹೋಗುತ್ತವೆ. ನಲವತ್ತನ್ನೂ ಬೀಳಿಸಿದರೆ 10,000 ಅಂಕ. ಜೋಡಿ ನೌಕೆ ಇದ್ದರೆ ಅದು ಎಷ್ಟೋ ಸಲೀಸು.

ನಮ್ಮಲ್ಲಿ ಅನೇಕರಿಗೆ ಈ ಆಟ ಪರಿಚಯವಾದದ್ದು 90ರ ದಶಕದಲ್ಲಿ ಟಿವಿಗೆ ಸಿಕ್ಕಿಸುತ್ತಿದ್ದ ವಿಡಿಯೋ ಗೇಮ್‌ನ ಕ್ಯಾಸೆಟ್‌ಗಳಿಂದ. ನನಗೂ ಹಾಗೆಯೇ. ಪ್ಲೇಸ್ಟೇಷನ್‌ಗೆ ಬಂದ ಮೊದಲ ಟೆಕನ್ ಎಂಬ ಹೊಡೆದಾಟದ ಆಟ ಲೋಡ್ ಆಗುವಾಗ ಇದರ ಬೋನಸ್ ಹಂತಗಳನ್ನು ಆಡಬಹುದಿತ್ತು. ಕಾಯುವ ಹೊತ್ತನ್ನು ತುಂಬಲು ಗ್ಯಾಲಗಾವನ್ನೇ ಆರಿಸಿದ್ದು ಎಷ್ಟು ಸರಿ!

ಈಗ ನಾನು ಆಡುವುದು ನಿಂಟೆಂಡೊ ಸ್ವಿಚ್ ಎಂಬ, ತನ್ನದೇ ಪರದೆಯಿರುವ ಗೇಮ್ ಯಂತ್ರಕ್ಕೆ 2017ರಲ್ಲಿ ಬಂದ ನಾಮ್ಕೊ ಮ್ಯೂಸಿಯಂ ಸಂಗ್ರಹದಲ್ಲಿ. ಮೂಲ ಆಟ ಉದ್ದುದ್ದ ಪರದೆಯದು. ಆದ್ದರಿಂದ ಅಗಲ ಟಿವಿಯಲ್ಲಿ ಎರಡೂ ಬದಿ ಖಾಲಿ ಉಳಿದು ಚಿತ್ರ ಚಿಕ್ಕದಾಗುತ್ತದೆ. ಸ್ವಿಚ್ಚನ್ನೇ ನೆಟ್ಟಗೆ ನಿಲ್ಲಿಸಿ, ಸೆಟ್ಟಿಂಗ್‌ನಲ್ಲಿ ಚಿತ್ರ ತಿರುಗಿಸಿ, ಕಂಟ್ರೋಲರ್ ಬಿಡಿಸಿಕೊಂಡು ಆಡಿ ನೋಡಿ. ಶತ್ರು ಮೇಲಿನಿಂದ ಕೆಳಗೆ ಬರುವ ದೂರ ಪೂರ್ತಿ ಸಿಗುತ್ತದೆ, ಗುಂಡಿನ ಲೆಕ್ಕ ಕೈಗೆ ಹತ್ತುತ್ತದೆ.

ಒಂದು ಮಾತು ಹೊಸಬರಿಗೆ. ಆರ್ಕೇಡ್ ಆವೃತ್ತಿಯ (ನಾಣ್ಯ ಹಾಕಿ ಆಡುವ ಮೂಲ ಯಂತ್ರದ) ಮೊದಲ ಹಂತದಲ್ಲಿ ಎಡತುದಿಯ ಎರಡು ಜೇನುಹುಳುವಿನಾಕಾರದ ಶತ್ರುಗಳನ್ನು ಉಳಿಸಿ ಸುಮಾರು ಕಾಲು ಗಂಟೆ ತಪ್ಪಿಸಿಕೊಂಡಿದ್ದರೆ ಶತ್ರುಗಳು ಆಮೇಲೆ ಗುಂಡು ಹಾರಿಸುವುದನ್ನೇ ನಿಲ್ಲಿಸುತ್ತವೆ. ಪ್ರೋಗ್ರಾಂನಲ್ಲಿ ಉಳಿದುಹೋದ ದೋಷ ಅದು. ಸ್ಕೋರ್ ಏರುತ್ತದೆ ನಿಜ, ಆದರೆ ದಯವಿಟ್ಟು ಅದರಿಂದ ಶುರು ಮಾಡಬೇಡಿ. ಮೊದಲು ಕಿರಣಕ್ಕೆ ಸಿಕ್ಕಿ, ನೌಕೆಯನ್ನು ಬಿಡಿಸಿಕೊಂಡು ಬನ್ನಿ.