ಏಸಿ ಬೇಕಾ, ಓವರ್‌ಟೇಕ್ ಬೇಕಾ? ಬಳ್ಳಾರಿ ಬಿಸಿಲಲ್ಲಿ ನನ್ನ ಆಲ್ಟೊ 800

ನಾಲ್ಕು ವರ್ಷದಿಂದ ಮಾರುತಿಯ ಆಲ್ಟೊ 800 ಕಾರು ಓಡಿಸುತ್ತಿದ್ದೇನೆ. 2016ರ ಮಾಡೆಲ್, ಪೆಟ್ರೋಲ್, ಬಿಳಿ ಬಣ್ಣ, ಕೆಎ 34 ನಂಬರ್. ಸೆಕೆಂಡ್ ಹ್ಯಾಂಡ್‌ನಲ್ಲಿ 2 ಲಕ್ಷ 35 ಸಾವಿರಕ್ಕೆ ತಗೊಂಡಾಗ ಮೀಟರ್‌ನಲ್ಲಿ 41 ಸಾವಿರ ಕಿಲೋಮೀಟರ್ ಇತ್ತು, ಈಗ 96 ಸಾವಿರ. ತಗೊಳ್ಳೋ ಮುಂಚೆ ನಾನೂ ಎಲ್ಲರ ಹಾಗೆ ರಿವ್ಯೂ ಓದಿದೆ, ವಿಡಿಯೊ ನೋಡಿದೆ. ನನಗೆ ಸಿಕ್ಕಿದವರೆಲ್ಲ ಬೆಂಗಳೂರಿನವರೇ. ಟ್ರಾಫಿಕ್‌ನಲ್ಲಿ ಆರಾಮ, ಪಾರ್ಕಿಂಗ್ ಸುಲಭ ಅಂತ ಹೇಳಿದ್ದನ್ನೇ ಹೇಳಿದರು. ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು, ಕುಡಿತಿನಿ ಹತ್ತಿರ ಅದಿರು ಲಾರಿ ಹಿಂದೆ ಸಿಕ್ಕಿಕೊಂಡರೆ ಈ ಕಾರು ಏನು ಮಾಡುತ್ತದೆ ಅಂತ ಒಬ್ಬರೂ ಹೇಳಲಿಲ್ಲ.

ಏನೂ ಮಾಡುವುದಿಲ್ಲ. ಸುಮ್ನೆ ಲಾರಿ ಹಿಂದೆ ಹೋಗುತ್ತದೆ.

ಇದು ದೂರು ಅಲ್ಲ, ಲೆಕ್ಕ. ಎಂಜಿನ್ 796 ಸಿಸಿ, ಮೂರು ಸಿಲಿಂಡರ್, 48 ಪಿಎಸ್ ಪವರ್. ರಾಯಲ್ ಎನ್‌ಫೀಲ್ಡ್‌ನ 650 ಬೈಕಿನಲ್ಲೂ ಹೆಚ್ಚುಕಡಿಮೆ ಇಷ್ಟೇ ಪವರ್ ಇದೆ, ಆದರೆ ಅದು ಇಬ್ಬರನ್ನು ಎಳೆದರೆ ಮುಗೀತು. ಇದು ನಾನು, ಹೆಂಡತಿ, ಇಬ್ಬರು ಮಕ್ಕಳು, ನಮ್ಮವ್ವ, ಅವ್ವನ ರೊಟ್ಟಿ ಗಂಟು, ಇಷ್ಟನ್ನೂ ಎಳೆಯಬೇಕು. ಅದರ ಮೇಲೆ ಏಸಿ ಕಂಪ್ರೆಸರ್ ತಿರುಗುವುದೂ ಇದೇ ಎಂಜಿನ್‌ನ ಬೆಲ್ಟ್ ಮೇಲೆ. ದೊಡ್ಡ ಕಾರಿಗೆ ಆ ಭಾರ ಗೊತ್ತೇ ಆಗಲ್ಲ. ಇದಕ್ಕೆ ಗೊತ್ತಾಗುತ್ತದೆ, ನಿಮಗೂ ಗೊತ್ತಾಗುತ್ತದೆ. ಬಟನ್ ಒತ್ತಿದ ಕೂಡಲೇ ಮುಂದೆ ಎಲ್ಲೋ 'ಟಕ್' ಅನ್ನುತ್ತದೆ, ಕಾರು ಒಂದು ಗಳಿಗೆ ಹಿಂದಕ್ಕೆ ಜಗ್ಗಿದ ಹಾಗಾಗುತ್ತದೆ, ಆಮೇಲೆ ಏನೂ ಆಗಿಲ್ಲ ಅನ್ನೋ ಹಾಗೆ ಮತ್ತೆ ನಡೆಯುತ್ತದೆ.

ಹಾಗಾಗಿ ನಮ್ಮ ಕಾರಿನಲ್ಲಿ ಓವರ್‌ಟೇಕ್ ಮಾಡೋದು ಇಬ್ಬರ ಕೆಲಸ. ನಾನು ಮೊದಲು ಎದುರು ರಸ್ತೆ ನೋಡುತ್ತೇನೆ. ಖಾಲಿ ಇದ್ದರೆ ಮೂರನೇ ಗೇರಿಗೆ ಇಳಿಸುತ್ತೇನೆ. ಗೇರ್ ಇಳಿದ ಸದ್ದು ಕೇಳಿದ ತಕ್ಷಣ ಪಕ್ಕದಲ್ಲಿ ಕೂತ ಹೆಂಡತಿ ಏಸಿ ಬಟನ್ ಆಫ್ ಮಾಡುತ್ತಾಳೆ. ಕಾರು ಮುಂದೆ ಹೋಗುತ್ತದೆ, ಹಿಂದಿನ ಸೀಟಿನಿಂದ ಅವ್ವ "ಯಾಕಪ್ಪಾ, ಗಾಳಿ ನಿಂತೋಯ್ತು" ಅನ್ನುತ್ತಾಳೆ, ಲಾರಿ ದಾಟಿದ ಮೇಲೆ ಮತ್ತೆ ಆನ್. ಮೊದಮೊದಲು 'ಆಫ್' ಅಂತ ಕೂಗಿ ಹೇಳಬೇಕಿತ್ತು. ಈಗ ಹೇಳೋದೇ ಬೇಡ, ಅವಳ ಬೆರಳು ಅಲ್ಲೇ ಇರುತ್ತದೆ. ಒಂದೊಂದು ಸಲ ನಾನು ಗೇರ್ ಇಳಿಸಿದರೂ ಅವಳು ಬಟನ್ ಮುಟ್ಟುವುದಿಲ್ಲ. ಅಂದರೆ ಬೇಡ ಅಂತ ಅರ್ಥ. ಬಹಳ ಸಲ ಅವಳು ಹೇಳಿದ್ದೇ ಸರಿ ಇರುತ್ತದೆ.

ಬಳ್ಳಾರಿಯಿಂದ ಹೊಸಪೇಟೆಗೆ ಅರವತ್ತು ಕಿಲೋಮೀಟರ್ ಚಿಲ್ಲರೆ. ಕುಡಿತಿನಿ, ತೋರಣಗಲ್ಲು ದಾಟಿ ಹೋಗಬೇಕು. ಒಂದು ಕಡೆ ಥರ್ಮಲ್ ಪ್ಲಾಂಟ್, ಇನ್ನೊಂದು ಕಡೆ ಸ್ಟೀಲ್ ಫ್ಯಾಕ್ಟರಿ, ನಡುವೆ ಟ್ರೇಲರ್‌ಗಳ ಸಾಲು. ಕಾರಿನ ತೂಕವೇ ಏಳುನೂರು ಕೆಜಿ ಆಸುಪಾಸು, ಹಾಗಾಗಿ ದೊಡ್ಡ ಟ್ರೇಲರ್ ಎದುರಿಂದ ಜೋರಾಗಿ ಹೋದರೆ ಗಾಳಿಯ ಹೊಡೆತಕ್ಕೆ ಸ್ಟೀರಿಂಗ್ ಅಲ್ಲಾಡುತ್ತದೆ. ಎಂಬತ್ತರವರೆಗೆ ಚೆನ್ನಾಗಿ ಹೋಗುತ್ತದೆ. ತೊಂಬತ್ತು ದಾಟಿದರೆ ಎಂಜಿನ್ ಸದ್ದಿಗೆ ಮಾತಾಡೋಕಾಗಲ್ಲ. ನೂರು ನಾನು ಮುಟ್ಟಿಸಿದ್ದು ಒಂದೇ ಸಲ, ಚಳ್ಳಕೆರೆ ದಾಟಿ ಹಿರಿಯೂರು ಕಡೆ ಹೋಗುವಾಗ, ಅದೂ ಒಬ್ಬನೇ ಇದ್ದಾಗ. ಖುಷಿಯೇನೂ ಆಗಲಿಲ್ಲ.

ಅದಕ್ಕೆ ಇನ್ನೊಂದು ಕಾರಣನೂ ಇದೆ. 2014ರಲ್ಲಿ ಕಾರುಗಳ ಸುರಕ್ಷತೆ ಪರೀಕ್ಷೆ ಮಾಡೋ ಗ್ಲೋಬಲ್ ಎನ್‌ಕ್ಯಾಪ್‌ನವರು ಏರ್‌ಬ್ಯಾಗ್ ಇಲ್ಲದ ಆಲ್ಟೊ 800ನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಗುದ್ದಿಸಿ ನೋಡಿದ್ದರು. ದೊಡ್ಡವರ ರಕ್ಷಣೆಗೆ ಐದರಲ್ಲಿ ಸೊನ್ನೆ ಸ್ಟಾರ್ ಬಂತು. ನಮ್ಮಲ್ಲಿ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ ಆಗಿದ್ದು 2019ರ ಜುಲೈನಲ್ಲಿ. ನನ್ನದು ಅದಕ್ಕಿಂತ ಹಳೆಯದು, ಏರ್‌ಬ್ಯಾಗ್ ಇಲ್ಲ. ಇದನ್ನು ಗೊತ್ತಿದ್ದೇ ತಗೊಂಡೆ, ಮುಚ್ಚಿಡೋದೇನಿಲ್ಲ. ಮುಂಚೆ ಇದೇ ರಸ್ತೆಯಲ್ಲಿ ಬೈಕ್ ಮೇಲೆ ಹೆಂಡತಿ, ಟ್ಯಾಂಕ್ ಮೇಲೆ ಮಗ, ನಡುವೆ ಮಗಳನ್ನು ಕೂರಿಸಿಕೊಂಡು ಹೋಗುತ್ತಿದ್ದೆ. ಆಗ ಯಾರೂ ಸ್ಟಾರ್ ಕೇಳಲಿಲ್ಲ. ಆದರೂ ದುಡ್ಡು ಸ್ವಲ್ಪ ಜಾಸ್ತಿ ಇರುವವರು 2019ರ ನಂತರದ ಗಾಡಿ ನೋಡಿ ಅಂತಲೇ ನಾನು ಹೇಳೋದು.

ಊರೊಳಗೆ ಮಾತ್ರ ಇದು ಬೇರೆಯೇ ಕಾರು. ನನ್ನದು ಸಣ್ಣ ಜೀನ್ಸ್ ಹೊಲಿಯೋ ಯೂನಿಟ್, ಎಂಟು ಮಷೀನು. ಹೊಲಿದ ಪ್ಯಾಂಟ್ ವಾಷಿಂಗ್‌ಗೆ ಹೋಗಬೇಕು, ಅಲ್ಲಿಂದ ಬಂದದ್ದು ಬಟನ್, ಲೇಬಲ್, ಪ್ಯಾಕಿಂಗ್‌ಗೆ. ಮುಂಚೆ ಪ್ರತಿ ಸಲ ಆಟೊ ಹಿಡಿಯುತ್ತಿದ್ದೆ. ಈಗ ಹಿಂದಿನ ಸೀಟಿನ ಬೆನ್ನು ಮಡಚಿದರೆ ನೂರೈವತ್ತು ಪ್ಯಾಂಟಿನ ಬಂಡಲ್ ಆರಾಮಾಗಿ ಕೂರುತ್ತದೆ. ಕೌಲ್ ಬಜಾರಿನ ಗಲ್ಲಿಗಳಲ್ಲಿ ಎದುರಿಗೆ ತಳ್ಳುಗಾಡಿ, ಪಕ್ಕಕ್ಕೆ ಎಮ್ಮೆ, ಹಿಂದೆ ಹಾರ್ನ್ ಹೊಡೆಯೋ ಆಟೊ ಇದ್ದರೂ ಇದು ನುಗ್ಗುತ್ತದೆ. ಉದ್ದ ಮೂರೂವರೆ ಮೀಟರ್‌ಗಿಂತ ಕಡಿಮೆ, ಕ್ಲಚ್ ಹತ್ತಿಯ ಹಾಗೆ ಹಗುರ. ರಾಯಲ್ ಸರ್ಕಲ್ ಹತ್ತಿರ ದೊಡ್ಡ ದೊಡ್ಡ ಗಾಡಿಯವರು ಜಾಗ ಹುಡುಕುತ್ತಾ ಎರಡು ಸುತ್ತು ಹಾಕುವಷ್ಟರಲ್ಲಿ ನಾನು ಎರಡು ಬೈಕ್ ನಡುವೆ ನಿಲ್ಲಿಸಿ, ಒಗ್ಗರಣೆ ಮಿರ್ಚಿ ತಿಂದು, ಚಹಾನೂ ಮುಗಿಸಿರುತ್ತೇನೆ.

ಡಿಕ್ಕಿ ಸಣ್ಣದು, 177 ಲೀಟರ್. ಸಿರುಗುಪ್ಪದಿಂದ ತಂದ ಇಪ್ಪತ್ತೈದು ಕೆಜಿಯ ಎರಡು ಅಕ್ಕಿ ಚೀಲ ಇಟ್ಟರೆ ಮೇಲೆ ಒಂದು ಬ್ಯಾಗ್‌ಗೆ ಜಾಗ, ಅಷ್ಟೆ. ಹಿಂದಿನ ಕಿಟಕಿ ಕೈಯಲ್ಲೇ ತಿರುಗಿಸಬೇಕು. ಮಕ್ಕಳಿಗೆ ಅದೇ ಆಟ.

ಈಗ ಬಿಸಿಲಿನ ವಿಷಯ. ಹನ್ನೊಂದಕ್ಕೆ ಬಯಲಲ್ಲಿ ನಿಲ್ಲಿಸಿ ಮೂರಕ್ಕೆ ಬಂದು ಬಾಗಿಲು ತೆಗೆದರೆ ರೊಟ್ಟಿ ಹಂಚಿನ ಮುಂದೆ ಕೂತ ಹಾಗಿರುತ್ತದೆ. ಸೀಟ್ ಬೆಲ್ಟಿನ ಕಬ್ಬಿಣದ ನಾಲಿಗೆ ಇದೆಯಲ್ಲ, ಅದನ್ನು ಮೇ ತಿಂಗಳಲ್ಲಿ ಬರಿಗೈಯಲ್ಲಿ ಹಿಡಿದು ನೋಡಿ. ನಾನು ಒಂದು ಹಳೇ ಟವೆಲ್ ಸ್ಟೀರಿಂಗ್ ಮೇಲೆ, ಎರಡು ಜೀನ್ಸ್ ಪೀಸ್ ಬೆಲ್ಟ್ ಬಕಲ್ ಮೇಲೆ ಹಾಕಿಟ್ಟಿರುತ್ತೇನೆ. ಬಂದ ತಕ್ಷಣ ಏಸಿ ಹಾಕಬೇಡಿ. ನಾಲ್ಕೂ ಕಿಟಕಿ ಇಳಿಸಿ ಒಂದು ಕಿಲೋಮೀಟರ್ ಓಡಿಸಿ ಒಳಗಿನ ಕುದಿ ಹೊರಗೆ ಹೋಗಲಿ, ಆಮೇಲೆ ಕಿಟಕಿ ಏರಿಸಿ ಏಸಿ ಹಾಕಿ, ಹೊರಗಿನ ಗಾಳಿಯ ಲಿವರ್ ಮುಚ್ಚಿ. ಹೀಗೆ ಮಾಡಿದರೆ ಕಾರು ಸಣ್ಣದಿರುವುದೇ ಲಾಭ. ತಂಪು ಮಾಡಬೇಕಾದ ಜಾಗ ಕಮ್ಮಿ ಅಲ್ವಾ, ಹತ್ತು ನಿಮಿಷದಲ್ಲಿ ಮುಂದೆ ಕೂತವರಿಗೆ ಹಾಯ್ ಅನಿಸುತ್ತದೆ. ಹಿಂದೆ ಕೂತವರಿಗೆ ಇನ್ನೂ ಸ್ವಲ್ಪ ಹೊತ್ತು ಬೇಕು, ಅದಕ್ಕೇ ಅವ್ವನ ಗಾಳಿ ಪ್ರಶ್ನೆ.

ಎರಡನೇ ಬೇಸಿಗೆಯಲ್ಲಿ ಏಸಿ ಕೈಕೊಟ್ಟಿತು. ಬೆಳಿಗ್ಗೆ ತಂಪು ಬರುತ್ತಿತ್ತು, ಮಧ್ಯಾಹ್ನ ಬಿಸಿ ಗಾಳಿ. ಒಂದು ಅಂಗಡಿಗೆ ಹೋದೆ, ಹೆಸರು ಬೇಡ. ಬಾನೆಟ್ ತೆಗೆದು ಎರಡು ನಿಮಿಷ ನೋಡಿ ಕಂಪ್ರೆಸರ್ ಹೋಗಿದೆ, ಹದಿನಾರು ಸಾವಿರ ಆಗುತ್ತದೆ ಅಂದರು. ಹದಿನಾರು ಸಾವಿರ ಅಂದರೆ ನನಗೆ ಎರಡು ಹಳೇ ಮಷೀನು. ಯೋಚನೆ ಮಾಡ್ತೀನಿ ಅಂತ ಬಂದುಬಿಟ್ಟೆ. ನಮ್ಮ ಏರಿಯಾದಲ್ಲಿ ಬೇವಿನ ಮರದ ಕೆಳಗೆ ಗಾಡಿ ರಿಪೇರಿ ಮಾಡೋ ಹುಡುಗ ಒಬ್ಬನಿದ್ದಾನೆ. ಅವನು ಮುಂದಿನ ಗ್ರಿಲ್ ಒಳಗೆ ಟಾರ್ಚ್ ಬಿಟ್ಟು, "ಅಣ್ಣಾ, ಇಲ್ಲಿ ನೋಡು" ಅಂದ. ರೇಡಿಯೇಟರ್ ಮುಂದೆ ಇರುವ, ಏಸಿಯ ಬಿಸಿಯನ್ನು ಹೊರಗೆ ಬಿಡೋ ಕಂಡೆನ್ಸರ್ ಜಾಲಿಯೆಲ್ಲ ಕೆಂಪು. ಸಂಡೂರು, ತೋರಣಗಲ್ಲು ಓಡಾಡಿದ ಗಾಡಿ, ಅದಿರಿನ ಧೂಳು ಮಳೆ ನೀರಲ್ಲಿ ಕಲಸಿ ಗಾರೆ ಹಚ್ಚಿದ ಹಾಗೆ ಗಟ್ಟಿಯಾಗಿ ಕೂತಿತ್ತು. ಗಾಳಿ ಹೋಗೋಕೆ ಜಾಗನೇ ಇರಲಿಲ್ಲ. "ಕಂಪ್ರೆಸರ್ ಚೆನ್ನಾಗೈತೆ, ಪಾಪ ಅದ್ಕೆ ಉಸಿರಾಡಾಕ ಬಿಟ್ಟಿಲ್ಲ ನೀನು" ಅಂದ. ಬಂಪರ್ ಬಿಚ್ಚಿ, ನೀರನ್ನು ಜೋರಾಗಿ ಬಿಡದೆ ಮೆಲ್ಲಗೆ ಬಿಟ್ಟು ತೊಳೆದ, ಜೋರಾಗಿ ಬಿಟ್ಟರೆ ಆ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವಂತೆ. ಕೆಳಗೆ ಹರಿದ ನೀರು ಓಕುಳಿ ಹಾಗಿತ್ತು. ಏರ್ ಫಿಲ್ಟರ್ ತೆಗೆದು ಕಲ್ಲಿಗೆ ಬಡಿದರೆ ಕುಂಕುಮದ ಪೊಟ್ಟಣ ಬಿಚ್ಚಿದ ಹಾಗೆ ಪುಡಿ ಬಿತ್ತು. ಆರುನೂರು ತಗೊಂಡ, ಗ್ಯಾಸ್ ಕೂಡ ತುಂಬಲಿಲ್ಲ. ಅವತ್ತಿಂದ ಪ್ರತಿ ಫೆಬ್ರವರಿಯಲ್ಲಿ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ತೊಳೆಸುತ್ತೇನೆ. ಏರ್ ಫಿಲ್ಟರ್ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಅರ್ಧಕ್ಕೇ ಬದಲು ಮಾಡುತ್ತೇನೆ. ಗಣಿ ಕಡೆ ಓಡಾಡುವವರಿಗೆ ಯಾವ ಕಂಪನಿಯ ಕಾರಾದರೂ ಇದು ತಪ್ಪಿದ್ದಲ್ಲ.

ಬಿಳಿ ಬಣ್ಣ ಬಿಸಿಲಿಗೆ ಒಳ್ಳೇದು ಅಂತ ತಗೊಂಡೆ. ಬಿಸಿಲಿಗೆ ಒಳ್ಳೇದೇ. ಆದರೆ ಸಂಡೂರಿಗೆ ಹೋಗಿ ಬಂದ ಮೇಲೆ ಅದು ಬಿಳಿ ಕಾರು ಅಂತ ಆರ್‌ಸಿ ತೋರಿಸಿ ಹೇಳಬೇಕು.

ಸಂಡೂರು ಅಂದಾಗ ನೆನಪಾಯಿತು. ಮಳೆಗಾಲದಲ್ಲಿ ಕುಮಾರಸ್ವಾಮಿ ಬೆಟ್ಟಕ್ಕೆ ಈ ಕಾರಲ್ಲಿ ಹೋಗಬೇಕು. ಎರಡನೇ ಗೇರು, ಏಸಿ ಆಫ್, ಕಿಟಕಿ ತೆಗೆದು. ಆ ಹಸಿರಲ್ಲಿ ಏಸಿ ಯಾರಿಗೆ ಬೇಕು! ಐದು ಜನ ಇದ್ದರೂ ಹತ್ತುತ್ತದೆ, ನಿಧಾನ ಹತ್ತುತ್ತದೆ, ಆದರೆ ನಿಲ್ಲಲ್ಲ. ಒಂದೇ ಎಚ್ಚರ, ಗುಂಡಿ. ಚಕ್ರ ಬರೀ ಹನ್ನೆರಡು ಇಂಚು, ದೊಡ್ಡ ಕಾರು ದಾಟಿ ಹೋಗೋ ಗುಂಡಿಯೊಳಗೆ ಇದು ಇಳಿದು ಹತ್ತುತ್ತದೆ. ನೆಲದಿಂದ ಎತ್ತರ 160 ಮಿಲಿಮೀಟರ್, ಐದು ಜನ ಕೂತರೆ ಅದೂ ಕಮ್ಮಿ. ನಮ್ಮ ಹಳ್ಳಿ ಕಡೆ ಹಾಕಿರುವ ರೋಡ್ ಹಂಪ್‌ಗಳಲ್ಲಿ ಒಂದೆರಡು ಕಡೆ ಹೊಟ್ಟೆ ಉಜ್ಜಿದೆ. ಅಂಥ ಕಡೆ ನಮ್ಮವ್ವನನ್ನು ಬಿಟ್ಟು ಉಳಿದವರನ್ನು ಇಳಿಸಿ ದಾಟಿಸುತ್ತೇನೆ. ಮಳೆ ಬಂದ ದಿನ ರೈಲ್ವೆ ಅಂಡರ್‌ಪಾಸ್‌ನಲ್ಲಿ ನೀರು ನಿಂತಿದ್ದರೆ ಸುತ್ತಿಕೊಂಡು ಹೋಗಿ, ಬೇರೆಯವರು ದಾಟಿದರು ಅಂತ ಹುರುಪಿಗೆ ಬೀಳಬೇಡಿ.

ಖರ್ಚಿನ ಲೆಕ್ಕ ಎಲ್ಲರೂ ಕೇಳುತ್ತಾರೆ. ಹೈವೇಯಲ್ಲಿ ಎಪ್ಪತ್ತು ಎಂಬತ್ತರಲ್ಲಿ ಹೋದರೆ ಲೀಟರಿಗೆ 20, 21 ಬರುತ್ತದೆ, ಏಸಿ ಹಾಕಿ. ಊರೊಳಗೆ ಬೇಸಿಗೆಯಲ್ಲಿ 15, 16. ಕಂಪನಿಯ ಲೆಕ್ಕ ಲ್ಯಾಬ್‌ನಲ್ಲಿ ಓಡಿಸಿದ್ದು, ಅಲ್ಲಿ ಬಳ್ಳಾರಿ ಬಿಸಿಲು ಇರಲ್ಲ. ಟ್ಯಾಂಕ್ 35 ಲೀಟರ್, ಪೆಟ್ರೋಲ್ ನೂರು ದಾಟಿ ಎಷ್ಟೋ ಕಾಲವಾಯಿತು, ಫುಲ್ ಟ್ಯಾಂಕ್ ಅಂದರೆ ಮೂರೂವರೆ ಸಾವಿರ ಇಟ್ಟುಕೊಂಡು ಹೋಗಿ. ಸರ್ವಿಸ್ ಹತ್ತು ಸಾವಿರ ಕಿಲೋಮೀಟರಿಗೆ ಒಮ್ಮೆ, ಬೇವಿನ ಮರದ ಕೆಳಗೆ ಎರಡೂವರೆ ಮೂರು ಸಾವಿರದಲ್ಲಿ ಮುಗಿಯುತ್ತದೆ. ನಾಲ್ಕು ಟೈರಿಗೆ ಹನ್ನೆರಡು ಸಾವಿರ ಆಯಿತು. ಬ್ಯಾಟರಿ ಒಂದು ಸಲ, ಮೇ ತಿಂಗಳಲ್ಲೇ, ಬಿಸಿಲಿಗೆ ಬ್ಯಾಟರಿ ಬೇಗ ಸಾಯುತ್ತದೆ. ದೊಡ್ಡ ರಿಪೇರಿ ಅಂತ ಆಗಿದ್ದು ಕ್ಲಚ್ ಪ್ಲೇಟ್ ಮಾತ್ರ. ಈ ಮಾಡೆಲ್ 2023ರಲ್ಲೇ ನಿಂತುಹೋಯಿತು, ಆದರೂ ಪಾರ್ಟ್ಸ್‌ಗೆ ಪರದಾಡಿಲ್ಲ. ಕಂಪ್ಲಿಯಲ್ಲಿ ಒಂದು ಸಲ ಫ್ಯಾನ್ ಬೆಲ್ಟ್ ತುಂಡಾದಾಗ ನಡೆದು ಹೋಗುವಷ್ಟು ದೂರದಲ್ಲೇ ಸಿಕ್ಕಿತು, ಹಾಕುವವನೂ ಸಿಕ್ಕಿದ. ಮಾರುತಿಯ ಗಾಡಿಗೆ ಈ ವಿಷಯದಲ್ಲಿ ನಾನು ಕಣ್ಣು ಮುಚ್ಚಿ ಮಾರ್ಕ್ಸ್ ಕೊಡುತ್ತೇನೆ.

ಯಾರು ತಗೋಬಾರದು? ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗುವವರು ತಗೋಬೇಡಿ. ಮುನ್ನೂರು ಕಿಲೋಮೀಟರ್ ಆದ ಮೇಲೆ ಸೊಂಟ ಮಾತಾಡುತ್ತದೆ, ಇದರಲ್ಲಿ ಸೀಟಿನ ತಲೆಭಾಗ ಸೀಟಿಗೇ ಸೇರಿಕೊಂಡಿದೆ, ಉದ್ದ ಇರುವವರ ಕುತ್ತಿಗೆಗೆ ಸಾಲದು. ಆರಡಿ ಇರುವ ನನ್ನ ಭಾವ ಹಿಂದೆ ಕೂತು ಗಂಗಾವತಿವರೆಗೆ ಬಂದ, ಇಳಿದ ಮೇಲೆ ಅರ್ಧ ಗಂಟೆ ಯಾರ ಹತ್ತಿರವೂ ಮಾತಾಡಲಿಲ್ಲ.

ಸೆಕೆಂಡ್ ಹ್ಯಾಂಡ್ ನೋಡೋಕೆ ಹೋಗುವವರಿಗೆ ಒಂದು ಮಾತು. ಮಾರುವವರು ಬೆಳಿಗ್ಗೆ ಏಳಕ್ಕೆ ಬನ್ನಿ ಅನ್ನುತ್ತಾರೆ. ಹೋಗಬೇಡಿ. ಮಧ್ಯಾಹ್ನ ಎರಡಕ್ಕೆ ಹೋಗಿ. ಜೊತೆಗೆ ಮೂವರನ್ನು ಕರ್ಕೊಂಡು ಹೋಗಿ, ಅವರನ್ನೆಲ್ಲ ಕೂರಿಸಿ, ಏಸಿ ಹಾಕಿ, ಯಾವುದಾದರೂ ಓವರ್ ಬ್ರಿಡ್ಜ್ ಹತ್ತಿಸಿ. ಹತ್ತುವಾಗ ಎಂಜಿನ್ ಜಾಸ್ತಿ ಬಿಸಿಯಾಗುತ್ತದಾ, ಇಳಿದ ಮೇಲೂ ತಂಪು ಬರುತ್ತದಾ ನೋಡಿ. ಬಂಪರ್ ಒಳಗೆ ಟಾರ್ಚ್ ಬಿಟ್ಟು ಧೂಳು ನೋಡಿ, ಗಾಡಿ ಎಲ್ಲಿ ಓಡಾಡಿದೆ ಅಂತ ಅಲ್ಲೇ ಗೊತ್ತಾಗುತ್ತದೆ. ಒಬ್ಬ ಮೆಕ್ಯಾನಿಕ್‌ಗೆ ಐನೂರು ಕೊಟ್ಟು ಜೊತೆಗೆ ಕರ್ಕೊಂಡು ಹೋದರೆ ಇನ್ನೂ ಒಳ್ಳೇದು. ನಾನು ಬೆಳಿಗ್ಗೆ ಏಳಕ್ಕೆ ಒಬ್ಬನೇ ಹೋಗಿದ್ದೆ. ಆರು ತಿಂಗಳಾದ ಮೇಲೆ ತಳ್ಳುಗಾಡಿ ತಾಗಿ ಹಿಂದಿನ ಎಡಗಡೆ ಬಾಗಿಲು ಕೆರೆದಾಗ ಬಿಳಿ ಬಣ್ಣದ ಕೆಳಗೆ ಸಿಲ್ವರ್ ಕಾಣಿಸಿತು. ಆ ಬಾಗಿಲು ಬೇರೆ ಯಾವುದೋ ಕಾರಿನದು.